ಇಡೀ ಬೀದಿಯ ಶ್ರುತಿ

ಆ ಬೀದಿಯಲ್ಲಿ ಯಾರಿಗೆ ಬೇಕಾದರೂ ಎದುರುತ್ತರ ಕೊಡಬಹುದಿತ್ತು, ಕಿವಿಯಕ್ಕನ ಕಿವಿಗೆ ಮಾತ್ರ ಆಗುತ್ತಿರಲಿಲ್ಲ. ವಯಸ್ಸು ಐವತ್ತು ದಾಟಿತ್ತು. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಅಂಗಡಿಯೆಲ್ಲ ಹುಡುಕುವ ಹೆಂಗಸು. ಅಪ್ಪ ಹಾಕಿದ ವಾದ್ಯ ರಿಪೇರಿಯ ಅಂಗಡಿಯನ್ನು ಇಪ್ಪತ್ತೆಂಟು ವರ್ಷದಿಂದ ಅವಳೇ ನಡೆಸುತ್ತಿದ್ದಳು. ಹಾರ್ಮೋನಿಯಂ, ಅಕಾರ್ಡಿಯನ್, ಪಿಟೀಲು, ಯಾವುದು ಕೆಟ್ಟರೂ ಜನ ಅಲ್ಲಿಗೇ ಹೊತ್ತು ತರುತ್ತಿದ್ದರು. ಅವಳು ಅಪ್ಪನ ಕಾಲದ ಶ್ರುತಿಕವೆಯನ್ನು, ಅಂದರೆ ಎರಡು ಕಾಲಿನ ಉಕ್ಕಿನ ಸಣ್ಣ ಕವೆಯನ್ನು, ಮೊಣಕಾಲಿಗೆ ಬಡಿದು ಕಿವಿಯ ಹತ್ತಿರ ಹಿಡಿಯುವಳು. ಕವೆ ಗುಂಯ್ ಎಂದು ಒಂದೇ ಒಂದು ಸ್ವರ ಕೊಡುವುದು. ಅದಕ್ಕೆ ಕೂಡಿದ್ದು ಸರಿ, ಕೂಡದ್ದು ತಪ್ಪು, ಅಲ್ಲಿಗೆ ಪಂಚಾಯಿತಿ ಮುಗಿಯಿತು. ಒಮ್ಮೆ ಯಾರೋ ಫೋನಿನಲ್ಲಿ ಶ್ರುತಿ ನೋಡುವ ಆ್ಯಪ್ ಹಾಕಿಕೊಂಡು ಬಂದು, "ಇದರ ಪ್ರಕಾರ ನಿಮ್ಮ ಹಾರ್ಮೋನಿಯಂ ಸ್ವಲ್ಪ ಇಳಿದಿದೆಯಂತೆ" ಎಂದಾಗ ಬೀದಿಗೆ ಬೀದಿಯೇ ನಕ್ಕಿತ್ತು. "ಒಳ್ಳೆ ಕಂಪನಿ ಫೋನ್ ತಗೊಳ್ಳಪ್ಪ" ಎಂದು ಬಸ್ ಡ್ರೈವರ್ ಬುದ್ಧಿ ಹೇಳಿ ಕಳಿಸಿದ್ದ.

ಈಗ ಆ ಬೀದಿಗೆ ಹುಚ್ಚು ಹಿಡಿದಿತ್ತು, ಒಳ್ಳೆಯ ಹುಚ್ಚು. ಲೈಬ್ರರಿಯ ಮೇಲಿನ ಹಾಲ್‌ನಲ್ಲಿ ಆರು ಭಾನುವಾರ ಸಂಜೆ ನಾಲ್ಕಕ್ಕೆ ಸಂಗೀತ ಕಚೇರಿ, ಹಾಡುವವರೂ ನಮ್ಮವರೇ, ಕೇಳುವವರೂ ನಮ್ಮವರೇ ಎಂದು ಲೈಬ್ರರಿಯನ್ ಬಾಗಿಲಿಗೆ ಚೀಟಿ ಅಂಟಿಸಿದಾಗ ಯಾರೂ ಅದನ್ನು ಓದಿರಲಿಲ್ಲ. ಮೊದಲ ವಾರ ಶಾಲೆಯ ಅಡುಗೆಯಮ್ಮ ತನ್ನ ಅಜ್ಜಿಯಿಂದ ಕಲಿತ ಬಟ್ಟೆ ಒಗೆಯುವ ಹಾಡುಗಳನ್ನು ಹಾಡಿದಳು. ಇಪ್ಪತ್ತು ಜನ ಬಂದಿದ್ದರು, ಅವರಲ್ಲಿ ಆರು ಮಂದಿ ಪುಸ್ತಕ ವಾಪಸ್ ಕೊಡಲು ಬಂದವರು. ಎರಡನೆಯ ವಾರ ಬಸ್ ಡ್ರೈವರ್ ಅಕಾರ್ಡಿಯನ್ನಿನಲ್ಲಿ ಕುಣಿತದ ಧಾಟಿಗಳನ್ನು ನುಡಿಸಿ ಮುದುಕರನ್ನೂ ಕುಣಿಸಿಬಿಟ್ಟ. ಮೂರನೆಯ ವಾರ ಆಸ್ಪತ್ರೆಯ ನರ್ಸಿನ ಪಿಟೀಲು, ನಾಲ್ಕನೆಯ ವಾರ ಮನೆಗಳಿಗೆ ಬಣ್ಣ ಬಳಿಯುವ ಅಣ್ಣತಮ್ಮಂದಿರ ಡೋಲು. ಡೋಲಿನ ಏಟಿಗೆ ಚಾವಣಿಯ ಧೂಳು ಉದುರಿ ಮುಂದಿನ ಸಾಲಿನವರ ತಲೆ ಬೆಳ್ಳಗಾದರೂ ಯಾರೂ ಎದ್ದು ಹೋಗಲಿಲ್ಲ. ಐದನೆಯ ವಾರ ಹೊಲಿಗೆ ಕಾರ್ಖಾನೆಯ ಹನ್ನೆರಡು ಹೆಂಗಸರು ಸೇರಿ ಹಾಡುವಾಗ ಜನ ಮೆಟ್ಟಿಲ ಮೇಲೆ ಕೂತಿದ್ದರು, ಕಿಟಕಿಯ ಹೊರಗೆ ಏಣಿ ಹಾಕಿ ನಿಂತಿದ್ದರು. ಒಬ್ಬೊಬ್ಬರದು ಒಂದೊಂದು ನೆಲದ, ಒಂದೊಂದು ಮನೆಯ ಸಂಗೀತ. ಆದರೂ ಒಂದರ ಬೆನ್ನಿಗೆ ಒಂದು ಕೇಳಿದರೆ ಎಲ್ಲ ಒಂದೇ ಮನೆಯ ಮಕ್ಕಳಂತೆ ಕೇಳುತ್ತಿತ್ತು. ಕೇಳದೆ ಏನು, ಎಲ್ಲರ ಶ್ರುತಿಯೂ ಕಿವಿಯಕ್ಕನ ಅಂಗಡಿಯದೇ.

ಆರನೆಯ ಭಾನುವಾರ ಎಲ್ಲರೂ ಕೂಡಿ ಹಾಡುವುದೆಂದು ನಿಶ್ಚಯವಾಗಿತ್ತು. ಅಡುಗೆಯಮ್ಮನ ಹಾಡು, ಎಲ್ಲರ ವಾದ್ಯ. ಲೈಬ್ರರಿಯ ಕಾಲುತುಳಿತದ ಹಾರ್ಮೋನಿಯಂ ಕಿವಿಯಕ್ಕನ ಪಾಲಿಗೆ. ಮೂರು ರಾತ್ರಿಯಿಂದ ಅವಳಿಗೆ ನಿದ್ದೆ ಹತ್ತಿರ ಸುಳಿದಿರಲಿಲ್ಲ, ಸಂತೋಷಕ್ಕೆ. ಬೆಳಿಗ್ಗೆ ಒಂಬತ್ತಕ್ಕೆ ತಾಲೀಮು. ಎಲ್ಲರೂ ಬಂದಿದ್ದರು, ಹೊಸಬನೊಬ್ಬನ ಸಮೇತ.

ಆ ಹೊಸಬ ಹಿಂದಿನ ಓಣಿಯ ವೆಲ್ಡರ್. ಬೀದಿಗೆ ಬಂದು ಎಂಟು ತಿಂಗಳಾಗಿತ್ತು. ಅಷ್ಟು ದಿನದಲ್ಲಿ "ಗೇಟ್ ಆಯ್ತಾ?" ಎಂಬುದೊಂದನ್ನು ಬಿಟ್ಟು ಬೇರೆ ಮಾತನ್ನು ಅವನ ಹತ್ತಿರ ಯಾರೂ ಆಡಿದ್ದಿಲ್ಲ. ಅವನು ಎಣ್ಣೆ ಡ್ರಮ್ಮಿನ ತಳವನ್ನು ಸುತ್ತಿಗೆಯಿಂದ ಬಡಿದು ಬಾಣಲೆಯಂತೆ ತಗ್ಗಿಸಿ, ಅದರೊಳಗೆ ಸಣ್ಣ ದೊಡ್ಡ ಉಬ್ಬುಗಳನ್ನು ಎಬ್ಬಿಸಿ ಒಂದು ವಾದ್ಯ ಮಾಡಿದ್ದ. ರಬ್ಬರ್ ಸುತ್ತಿದ ಎರಡು ಕೋಲುಗಳಿಂದ ತಟ್ಟಿದರೆ ಒಂದೊಂದು ಉಬ್ಬೂ ಒಂದೊಂದು ಸ್ವರ ಕೊಡುತ್ತಿತ್ತು. ಅವನು ಹುಟ್ಟಿದ ಕಡಲಾಚೆಯ ಊರಿನಲ್ಲಿ ಇದನ್ನು ಮನೆಮನೆಯಲ್ಲೂ ಬಾರಿಸುತ್ತಾರಂತೆ. ಲೈಬ್ರರಿಯನ್ ಕಿಟಕಿ ರಿಪೇರಿಗೆ ಅವನನ್ನು ಕರೆಸಿದಾಗ ಗೊತ್ತಾಗಿ, ನೀವೂ ಬನ್ನಿ ಎಂದಿದ್ದಳು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ವಾದ್ಯವನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಎಲ್ಲರಿಗಿಂತ ಮುಂಚೆ ಬಂದು ಬಾಗಿಲಲ್ಲಿ ನಿಂತಿದ್ದ.

ಹಾಡು ಶುರುವಾಯಿತು. ಹಾರ್ಮೋನಿಯಂ, ಪಿಟೀಲು, ಅಕಾರ್ಡಿಯನ್, ಡೋಲು ಎಲ್ಲ ಸರಿ. ವೆಲ್ಡರ್ ಕೋಲು ಎತ್ತಿ ತಟ್ಟಿದ್ದೇ ತಡ, ಹಾಲ್‌ನಲ್ಲಿ ವಂವಂವಂ ಎಂದು ಒಂದು ನಡುಕ ಎದ್ದಿತು. ಎರಡು ಸ್ವರ ಹತ್ತಿರ ಹತ್ತಿರ ಇದ್ದೂ ಕೂಡದೆ ಹೋದಾಗ ಏಳುವ ನಡುಕ ಅದು, ಹಲ್ಲು ಜುಮ್ಮೆನ್ನುವಂಥದ್ದು. ನರ್ಸ್ ಕಮಾನು ಕೆಳಗಿಳಿಸಿದಳು. ಡ್ರೈವರ್ ಹುಳಿ ತಿಂದವನಂತೆ ಮುಖ ಮಾಡಿದ. ಎಲ್ಲರೂ ಕಿವಿಯಕ್ಕನ ಕಡೆ ತಿರುಗಿದರು.

ಅವಳು ಕವೆಯನ್ನು ಮೊಣಕಾಲಿಗೆ ಬಡಿದಳು, ಕಿವಿಗೆ ಹಿಡಿದಳು, ವೆಲ್ಡರನ ವಾದ್ಯದಲ್ಲಿ ಮೊದಲು ಕವೆಯ ಸ್ವರದ ಉಬ್ಬನ್ನು, ಆಮೇಲೆ ಉಳಿದವನ್ನೂ ಬೆರಳಿಂದ ತಟ್ಟಿದಳು. "ನಿಮ್ಮದು ಏರಿದೆ" ಎಂದಳು.

"ಎಷ್ಟು ಏರಿದೆ, ಮೇಡಂ?"

"ಎಷ್ಟಾದ್ರೇನು? ಏರಿದೆ. ಎಲ್ಲಾ ಉಬ್ಬೂ ಏರಿದೆ."

"ಮೂರು ತಿಂಗಳು ಕೂತು ಬಡಿದಿದ್ದೀನಿ, ಮೇಡಂ. ಒಂದೊಂದನ್ನೂ."

"ಬಡಿದಿರಬಹುದು. ನಾವು ಇಷ್ಟು ಜನ ಒಂದು ಕಡೆ ಇದ್ದೀವಿ, ನೀವು ಒಬ್ಬರೇ ಒಂದು ಕಡೆ. ನೀವೇ ಹೇಳಿ."

ಲೈಬ್ರರಿಯನ್ ಕೈ ಹೊಸೆಯುತ್ತ, ಮುಂದಿನ ಸಲ ನೋಡೋಣ ಎಂದಳು. ಮುಂದಿನ ಸಲ ಎನ್ನುವುದು ಇಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ವೆಲ್ಡರ್ "ಪರವಾಗಿಲ್ಲ, ಪರವಾಗಿಲ್ಲ" ಎನ್ನುತ್ತ ವಾದ್ಯವನ್ನು ಮತ್ತೆ ಕಂಬಳಿಯಲ್ಲಿ ಸುತ್ತಿದ. ಸುತ್ತುವಾಗ ಅಂಚನ್ನು ಎರಡು ಸಲ ಬಿಚ್ಚಿ ಮತ್ತೆ ಮಡಚಿದ. ಹೋಗುವಾಗ ಎಲ್ಲರಿಗೂ ನಮಸ್ಕಾರ ಮಾಡಿ ಹೋದ. ಕಿವಿಯಕ್ಕನಿಗೆ ಅದನ್ನು ನೋಡಲಾಗಲಿಲ್ಲ. ಆದರೆ ತಪ್ಪು ತಪ್ಪೇ, ಅದಕ್ಕೆ ಅವಳೇನು ಮಾಡಲಿ?

ತಾಲೀಮು ಮುಗಿಸಿ ಅಂಗಡಿಗೆ ಬಂದಾಗ ಹತ್ತೂಕಾಲು. ಮೇಜಿನ ಮೇಲೆ ಡ್ರೈವರನ ಹೊಸ ಅಕಾರ್ಡಿಯನ್ ಪೆಟ್ಟಿಗೆಯಲ್ಲೇ ಇತ್ತು. ಕಾರ್ಖಾನೆಯಿಂದ ಬಂದು ಎರಡು ವಾರವಾಗಿತ್ತು. ಕಚೇರಿಗೆ ಅದನ್ನೇ ನುಡಿಸಬೇಕೆಂದು ಅವನು ದಿನಾ ಬಂದು ಪ್ರಾಣ ತಿನ್ನುತ್ತಿದ್ದ. ಅವಳು ಕೊಟ್ಟಿರಲಿಲ್ಲ. ಹೊಸ ವಾದ್ಯ ಯಾವುದು ಬಂದರೂ ಅದರ ಶ್ರುತಿ ಏರಿರುತ್ತಿತ್ತು. ಅವಳು ಒಂದೊಂದೇ ರೀಡನ್ನು, ಅಂದರೆ ಗಾಳಿಗೆ ನಡುಗಿ ಸ್ವರ ಕೊಡುವ ಲೋಹದ ನಾಲಗೆಯನ್ನು, ಬಿಚ್ಚಿ, ಬುಡ ಕೆರೆದು, ಇಳಿಸಿ, ಕವೆಗೆ ಕೂಡಿಸಬೇಕಿತ್ತು. "ಕಾರ್ಖಾನೆಯೋರಿಗೆ ಕಿವಿ ಅನ್ನೋದೇ ಇಲ್ಲ" ಎಂದು ಬೈಯುತ್ತಲೇ ಇಪ್ಪತ್ತೆಂಟು ವರ್ಷದಿಂದ ಅದೇ ಕೆಲಸ ಮಾಡಿಕೊಂಡು ಬಂದಿದ್ದಳು. ಇದನ್ನಾದರೂ ಶುರು ಮಾಡೋಣವೆಂದು ಪೆಟ್ಟಿಗೆ ತೆರೆದು, ತಿದಿ ಎಳೆದು ಕವೆಯ ಸ್ವರದ ಮಣೆ ಒತ್ತಿದಳು.

ಬಂದದ್ದು ವೆಲ್ಡರನ ಸ್ವರ.

ಹಾವು ಮುಟ್ಟಿದವಳಂತೆ ಕೈ ಹಿಂದೆಗೆದಳು. ಮತ್ತೆ ಒತ್ತಿದಳು. ಅದೇ. ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿದ್ದ ಆ ಡ್ರಮ್ಮಿನ ಸ್ವರಕ್ಕೂ ಇದಕ್ಕೂ ಕೂದಲಿನಷ್ಟೂ ವ್ಯತ್ಯಾಸವಿಲ್ಲ. ತಲೆಯೊಳಗೆ ಹುಳ ಬಿಟ್ಟಂತಾಯಿತು. ಹೋದ ವರ್ಷ ಬಂದ ವಾದ್ಯ ಬೇರೆ ದೇಶದ್ದು, ಅದೂ ಇಷ್ಟೇ ಏರಿತ್ತು. ಅದರ ಹಿಂದಿನದು ಇನ್ನೊಂದು ದೇಶದ್ದು, ಅದೂ ಇಷ್ಟೇ. ಒಬ್ಬರ ಮುಖ ಒಬ್ಬರು ನೋಡದ ಮೂರು ದೇಶದ ಕಾರ್ಖಾನೆಗಳು ಕೂಡಿಕೊಂಡು ಇವಳೊಬ್ಬಳ ಮೇಲೆ ಸಂಚು ಮಾಡುವುದುಂಟೇ?

ಕನ್ನಡಕ ಹುಡುಕಿ, ತಲೆಯ ಮೇಲಿಂದ ಇಳಿಸಿ, ಕವೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಎರಡು ಕಾಲು ಕೂಡುವ ಬುಡದಲ್ಲಿ ಸಣ್ಣ ಸಣ್ಣ ಗೀರುಗಳು, ಅರದ ಗೀರುಗಳು. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ರೀಡಿಗೂ ಅದೇ, ಕವೆಗೂ ಅದೇ. ಈ ಅಂಗಡಿಯಲ್ಲಿ ಅವಳು ಕಲಿತ ಮೊದಲ ಪಾಠವೇ ಅದು. ಯಾರು ಕೆರೆದದ್ದು ಎಂದು ಕೇಳಿಕೊಳ್ಳುವ ಮೊದಲೇ ಉತ್ತರ ಬಂದು ಎದೆಗೆ ಒದ್ದಿತು. ಅವಳಿಗಾಗ ಒಂಬತ್ತು ವರ್ಷ. ಅಪ್ಪ ಊರಿಗೆ ಹೋಗಿದ್ದ. ಕವೆಯ ಸಂದಿನಲ್ಲಿ ತುಕ್ಕು ಹಿಡಿದಿತ್ತು. ಅಪ್ಪ ಬರುವುದರೊಳಗೆ ಹೊಸದರಂತೆ ಮಾಡಿಬಿಡೋಣವೆಂದು ಅವಳು ಅರ ತೆಗೆದುಕೊಂಡು ಅರ್ಧ ದಿನ ಕೂತು ಉಜ್ಜಿದ್ದಳು.

ಅಪ್ಪನಿಗೆ ಈಗ ಎಂಬತ್ತೆರಡು. ಕೌಂಟರಿನ ಹಿಂದೆ ಕೂತು ಸ್ಕ್ರೂಗಳನ್ನು ಅಳತೆ ನೋಡಿ ಡಬ್ಬಿಗೆ ಹಾಕುತ್ತಿದ್ದ.

"ಅಪ್ಪ, ಈ ಕವೆ ಇಳಿದಿದೆ."

"ಹೂಂ."

"ಹೂಂ ಅಂದ್ರೆ?"

"ಇಳಿದಿದೆ ಅಂದ್ಯಲ್ಲ, ಅದಕ್ಕೆ ಹೂಂ ಅಂದೆ."

"ನಿನಗೆ ಗೊತ್ತಿತ್ತಾ?"

ಅಪ್ಪ ಕೈಯಲ್ಲಿದ್ದ ಸ್ಕ್ರೂವನ್ನು ತಪ್ಪು ಡಬ್ಬಿಗೆ ಹಾಕಿದ. "ಆವತ್ತೇ ಗೊತ್ತಾಯ್ತು ಕಣೆ. ಬಸ್ಸಿಳಿದು ಬಂದ್ರೆ ನೀನು ಎರಡೂ ಕೈಯಲ್ಲಿ ಅದನ್ನ ಹಿಡ್ಕೊಂಡು ನಿಂತಿದ್ದೆ. ಮೂಗೆಲ್ಲಾ ಮಸಿ. ಬಡಿದು ನೋಡಿದೆ. ನಿನ್ನ ಮುಖ ನೋಡಿ ಬಾಯಿ ಬರಲಿಲ್ಲ. ನಾಳೆ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ಲೈಬ್ರರಿ ಹಾರ್ಮೋನಿಯಂ ಬಂತು, ಇದಕ್ಕೇ ಕೂಡಿಸಿ ಕೊಟ್ಟೆ. ಅದಕ್ಕೆ ಕೂಡಲಿ ಅಂತ ಇನ್ನೊಂದು, ಇನ್ನೊಂದಕ್ಕೆ ಮತ್ತೊಂದು. ಎಲ್ಲಾ ನಮ್ಮ ಹತ್ರಾನೇ ಬರ್ತಿತ್ತಲ್ಲ, ಒಂದಕ್ಕೊಂದು ಕೂಡಿದ್ರೆ ಸಾಕು ಅನ್ನಿಸ್ತು. ಹೊರಗಿಂದ ಒಬ್ಬರು ಬರ್ತಾರೆ ಅಂತ ನಾನು ಎಣಿಸಿರಲಿಲ್ಲ."

ಕಿವಿಯಕ್ಕನಿಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ನಲವತ್ತೆರಡು ವರ್ಷ! ಇಡೀ ಬೀದಿಯನ್ನು ಅಪ್ಪ ಮಗಳು ಸೇರಿ ಇಳಿಸಿ ಕೂರಿಸಿದ್ದರು. ಇವತ್ತು ಸರಿಯಾಗಿದ್ದವನು ಒಬ್ಬನೇ ಒಬ್ಬ, ಅವನನ್ನೂ ಮೆಟ್ಟಿಲಿಳಿಸಿ ಕಳಿಸಿದ್ದಾಯಿತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆಯೂ ಬಂತು, ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವಳ ಹತ್ತಿರ ಇದ್ದದ್ದೇ ಒಂದು ಕಿವಿ. ಅದೂ ಹೋದರೆ ಅವಳು ಬೀದಿಯಲ್ಲಿ ಯಾರು? ಆದರೆ ಕಂಬಳಿಯ ಅಂಚನ್ನು ಎರಡು ಸಲ ಮಡಚಿದ ಆ ಕೈಗಳು ಕಣ್ಣೆದುರಿಂದ ಹೋಗಲಿಲ್ಲ.

"ಜಗಳ ನಾಳೆ ಆಡ್ತೀನಿ" ಎಂದಳು. "ಸಣ್ಣ ಅರ ಎಲ್ಲಿ?"

ಅರ, ಕವೆ ಎರಡನ್ನೂ ಹಿಡಿದು ವೆಲ್ಡರನ ಓಣಿಯ ತಿರುವಿಗೆ ಬರುವಷ್ಟರಲ್ಲಿ ಸುತ್ತಿಗೆಯ ಸದ್ದು ಕೇಳಿತು. ಟಣ್. ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಟಣ್. ಗೇಟು ಬಡಿಯುವ ಸದ್ದು ಹಾಗಿರುವುದಿಲ್ಲ. ಗೇಟು ಬಡಿಯುವವನು ನಡುನಡುವೆ ನಿಲ್ಲಿಸಿ ಕೇಳಿಸಿಕೊಳ್ಳುವುದಿಲ್ಲ. ಕಿವಿಯಕ್ಕ ಸೀರೆಯನ್ನು ಮೇಲೆತ್ತಿ ಸಿಕ್ಕಿಸಿಕೊಂಡು, ಮೊಣಕಾಲು ನೋವನ್ನು ಮರೆತು ಓಡಿದಳು. ಅರ್ಧ ಎತ್ತಿದ ಷಟರಿನ ಕೆಳಗೆ ಬಗ್ಗಿ ಒಳಗೆ ನುಗ್ಗಿದರೆ, ವೆಲ್ಡರ್ ಬಿಳಿ ಅಂಗಿಯ ತೋಳು ಮಡಚಿ, ವಾದ್ಯವನ್ನು ಟೈರಿನ ಮೇಲೆ ಕವುಚಿ ಹಾಕಿ, ಸುತ್ತಿಗೆ ಎತ್ತಿದ್ದ.

"ನಿಲ್ಲಿಸಿ, ನಿಲ್ಲಿಸಿ" ಎಂದಳು ಏದುಸಿರು ಬಿಡುತ್ತ.

ಅವನ ಮುಖ ಅರಳಿತು. "ಬನ್ನಿ ಮೇಡಂ, ಒಳ್ಳೆ ಹೊತ್ತಿಗೇ ಬಂದ್ರಿ. ಒಂದು ಇಳಿಸಿದ್ದೀನಿ. ಇನ್ನು ಇಪ್ಪತ್ತೈದು ಇದೆ. ನಾಲ್ಕು ಗಂಟೆಯೊಳಗೆ ಆಗುತ್ತೋ ಇಲ್ವೋ, ಅರ್ಧ ಆದ್ರೆ ಅರ್ಧಾನೇ ಬಾರಿಸ್ತೀನಿ. ಇದು ಸರಿ ಇದ್ಯಾ, ಸ್ವಲ್ಪ ಕೇಳಿ ಹೇಳಿ." ಮಗುಚಿ, ಆ ಉಬ್ಬನ್ನು ತಟ್ಟಿದ.

ಸರಿಯಾಗಿ ಇಳಿದಿತ್ತು. ಅವಳ ಕವೆಗೆ ಪಕ್ಕಾ ಕೂಡುತ್ತಿತ್ತು, ಅಷ್ಟು ಒಳ್ಳೆಯ ಕಿವಿ ಅವನದು. ಕಿವಿಯಕ್ಕ ಅಲ್ಲೇ ಕಬ್ಬಿಣದ ರಾಶಿಯ ಮೇಲೆ ಕುಸಿದು ಕೂತಳು.

"ತಪ್ಪು ನಂದು" ಎಂದಳು. "ನಿಮ್ಮದು ಸರಿ ಇತ್ತು. ನಾವೆಲ್ಲಾ ಇಳಿದಿದ್ದೀವಿ. ನಾನು ಒಂಬತ್ತು ವರ್ಷದವಳಿದ್ದಾಗ ಅರ ಹಾಕಿ ಉಜ್ಜಿ ಕೆಡಿಸಿದ ಕವೆ ಇದು. ಬೆಳಿಗ್ಗೆ ಎಲ್ಲರ ಮುಂದೆ ನಿಮಗೆ ಅವಮಾನ ಮಾಡಿದೆ. ಕ್ಷಮಿಸಿ ಅಂತ ಕೇಳೋಕೂ ನಾಚಿಕೆ ಆಗುತ್ತೆ."

ವೆಲ್ಡರ್ ಕವೆಯನ್ನು ಇಸಿದುಕೊಂಡ. ಬುಡವನ್ನು ಉಗುರಿನಿಂದ ಸವರಿದ, ಕಬ್ಬಿಣದ ಮನುಷ್ಯ, ಒಂದೇ ನೋಟಕ್ಕೆ ತಿಳಿಯಿತು. ಅವನ ಭುಜ ಕುಲುಕತೊಡಗಿತು. ಅಳುತ್ತಿದ್ದಾನೆಂದು ಅವಳು ಗಾಬರಿಯಾದಳು. ಅವನು ನಗುತ್ತಿದ್ದ.

"ಎಲ್ಲರೂನಾ?" ಎಂದ. "ಆ ಡ್ರೈವರೂ?"

"ಡ್ರೈವರೂ."

ಆಮೇಲಿನ ಐದು ಗಂಟೆಯನ್ನು ಕಿವಿಯಕ್ಕ ಸಾಯುವ ತನಕ ಮರೆಯಲಾರಳು. ಮೊದಲು ಅವನು ಇಳಿಸಿದ್ದನ್ನು ಏರಿಸಿದ. ಆಮೇಲೆ ಇಬ್ಬರೂ ವಾದ್ಯವನ್ನು ಹೊತ್ತುಕೊಂಡು ಲೈಬ್ರರಿಗೆ ಓಡಿದರು. ಲೈಬ್ರರಿಯನ್‌ಗೆ ವಿಷಯ ಹೇಳಿದಾಗ ಅವಳು ಕುರ್ಚಿ ಹಿಡಿದುಕೊಂಡಳು, ಆಮೇಲೆ ಎಲ್ಲರಿಗೂ ಫೋನ್ ಮಾಡಿದಳು. ನರ್ಸ್ ಬಂದು, ಕೇಳಿ, ತಂತಿ ಬಿಗಿದಳು, ಅವಳಿಗೆ ಎರಡು ನಿಮಿಷದ ಕೆಲಸ. ಡೋಲಿನ ಅಣ್ಣತಮ್ಮಂದಿರಿಗೆ ಇದರಿಂದ ಏನೂ ಆಗಬೇಕಾದದ್ದಿರಲಿಲ್ಲ, ಆದರೂ ತಾವೂ ಏನಾದರೂ ಬಿಗಿಯಬೇಕೆಂದು ಬಿಗಿದರು. ಉಳಿದದ್ದು ಹಾರ್ಮೋನಿಯಂ ಮತ್ತು ಡ್ರೈವರ್.

ಡ್ರೈವರ್ ಬಂದವನೇ ಕೂಗಾಡಿದ. "ಇದೇನು ಹುಡುಗಾಟನಾ? ನನ್ನದರಲ್ಲಿ ಇನ್ನೂರು ಚಿಲ್ಲರೆ ರೀಡಿದೆ. ನಾಲ್ಕು ಗಂಟೆಯೊಳಗೆ ಯಾರು ಏರಿಸ್ತಾರೆ? ಡಿಪೋದಿಂದ ಅರವತ್ತು ಜನ ಬರ್ತಿದ್ದಾರೆ ನನ್ನ ಕೇಳೋಕೆ. ಸುಮ್ಮನೆ ಇವರನ್ನ ಬಿಟ್ಟುಬಿಡಿ, ಎಲ್ಲಾ ಸರಿ ಹೋಗುತ್ತೆ."

"ತಪ್ಪು ನಾನು ಮಾಡಿ ಇವರು ಯಾಕೆ ಹೊರಗೆ ಕೂರಬೇಕು?" ಎಂದಳು ಕಿವಿಯಕ್ಕ. "ಯಾರಾದ್ರೂ ಬಿಡಬೇಕು ಅಂದ್ರೆ ನಾನು ಬಿಡ್ತೀನಿ. ಮತ್ತೆ ನಿಮ್ಮ ಹೊಸ ಅಕಾರ್ಡಿಯನ್ ಇದೆಯಲ್ಲ, ಅದು ಸರಿ ಇದೆ. ನಾನಿನ್ನೂ ಅದನ್ನ ಕೆಡಿಸಿಲ್ಲ."

ಡ್ರೈವರನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. "ಸರಿ ಇದ್ಯಾ? ಎರಡು ವಾರದಿಂದ ಸರಿ ಇತ್ತಾ?"

"ಬಂದ ದಿನದಿಂದ."

ಅವನು ಬೈಯಲು ತಯಾರಾಗಿದ್ದ ಬೈಗುಳವನ್ನೆಲ್ಲ ನುಂಗಿಕೊಂಡು, ಮೆಟ್ಟಿಲನ್ನು ಎರಡೆರಡಾಗಿ ಹಾರಿ ಅಂಗಡಿಯ ಕಡೆ ಓಡಿದ. ಹತ್ತು ನಿಮಿಷದಲ್ಲಿ ಹೊಸ ವಾದ್ಯವನ್ನು ಮದುಮಗಳನ್ನು ಕರೆತಂದಂತೆ ತಂದು ಕೂರಿಸಿ, ವೆಲ್ಡರನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡ.

ಹಾರ್ಮೋನಿಯಂನಲ್ಲಿ ನಲವತ್ತೆರಡು ರೀಡು. ಕಿವಿಯಕ್ಕ ಒಂದೊಂದನ್ನೇ ಬಿಚ್ಚಿ ತುದಿ ಕೆರೆದಳು. ವೆಲ್ಡರ್ ಆ ಸ್ವರದ ಉಬ್ಬನ್ನು ತಟ್ಟುವನು, ಇವಳು ರೀಡು ಹಾಕಿ ಊದಿಸುವಳು. ವಂವಂವಂ. ಮತ್ತೆ ಬಿಚ್ಚು, ಮತ್ತೆ ಕೆರೆ. ವಂ... ವಂ... ನಡುಕ ನಿಧಾನವಾಗುತ್ತ ಆಗುತ್ತ, ಒಂದು ಗಳಿಗೆಯಲ್ಲಿ ನಿಂತೇಬಿಡುವುದು. ಎರಡು ಸ್ವರ ಒಂದಾಗಿ ಹಾಲ್‌ನ ಗಾಳಿಯೇ ತಿಳಿಯಾಗುವುದು. ಪ್ರತಿ ಸಲ ಹಾಗಾದಾಗಲೂ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗುವರು. ಅಡುಗೆಯಮ್ಮ ಊಟ ತಂದು ಇಬ್ಬರ ಬಾಯಿಗೂ ತುತ್ತು ಇಟ್ಟಳು, ಕೈ ತೊಳೆಯಲು ಪುರುಸೊತ್ತಿರಲಿಲ್ಲ. ಮೂರೂ ಮುಕ್ಕಾಲಿಗೆ ಜನ ನುಗ್ಗತೊಡಗಿದರು. ಕೊನೆಯ ರೀಡಿನ ಸ್ಕ್ರೂ ಬಿಗಿಯುವಾಗ ಮುಂದಿನ ಸಾಲು ತುಂಬಿತ್ತು. ಅಪ್ಪನೂ ಕೋಲೂರಿಕೊಂಡು ಬಂದು ನಡುವೆ ಕೂತಿದ್ದ.

ನಾಲ್ಕಕ್ಕೆ ಕಿವಿಯಕ್ಕ ಎದ್ದು ನಿಂತಳು. "ಒಂದು ಮಾತು" ಎಂದಳು. "ನಲವತ್ತೆರಡು ವರ್ಷದಿಂದ ಈ ಬೀದಿಯ ಶ್ರುತಿ ತಪ್ಪಾಗಿತ್ತು. ಕೆಡಿಸಿದವಳು ನಾನೇ. ಇವತ್ತು ಈ ವೆಲ್ಡರ್ ಅಣ್ಣನಿಂದ ಗೊತ್ತಾಯ್ತು. ಇವತ್ತಿಂದ ಅವರ ಶ್ರುತಿಯೇ ನಮ್ಮದು. ನಿಮ್ಮ ವಾದ್ಯಗಳನ್ನೆಲ್ಲಾ ತನ್ನಿ, ಸರಿ ಮಾಡಿಕೊಡ್ತೀನಿ, ಬೈದು ಕೊಟ್ಟರೂ ತಗೋತೀನಿ."

ಹಿಂದಿನಿಂದ ಯಾರೋ, "ನಾನು ಹೇಳಿದಾಗ ಫೋನು ಬದಲಾಯಿಸು ಅಂದ್ರಲ್ಲ" ಎಂದರು. ಅಷ್ಟೇ, ನಗು ಕಟ್ಟೆಯೊಡೆಯಿತು. ಡಿಪೋದವರು ಬೆಂಚು ಬಡಿದರು. ಆ ಗದ್ದಲದ ನಡುವೆಯೇ ವೆಲ್ಡರ್ ಕೋಲು ಎತ್ತಿದ.

ಅವನು ತಟ್ಟಿದ, ಅಕಾರ್ಡಿಯನ್ ಹಿಡಿಯಿತು, ಪಿಟೀಲು ಕೂಡಿತು, ಕಿವಿಯಕ್ಕ ತಿದಿ ತುಳಿದಳು. ನಡುಕವಿಲ್ಲ. ಎಲ್ಲ ಸೇರಿ ಒಂದೇ ಸ್ವರ, ಕಿಟಕಿಯ ಗಾಜು ಝುಂ ಎನ್ನುವಷ್ಟು ತುಂಬು ಸ್ವರ. ಡೋಲು ಬಿತ್ತು, ಅಡುಗೆಯಮ್ಮ ದನಿ ತೆಗೆದಳು, ಹನ್ನೆರಡು ಹೆಂಗಸರು ಪಲ್ಲವಿ ಹಿಡಿದರು. ಎರಡನೆಯ ಸುತ್ತಿನಲ್ಲಿ ಜನರೂ ಸೇರಿಕೊಂಡರು. ಆಗ ಆ ಎಲ್ಲ ದನಿಗಳ ಅಡಿಯಿಂದ ಒಂದು ಗಂಡು ದನಿ ಮೇಲೆ ಬಂತು. ಮುದಿ ದನಿ, ಅಲ್ಲಲ್ಲಿ ಹರಿದದ್ದು, ಆದರೆ ಸ್ವರದ ಮೇಲೆ ಮೊಳೆ ಹೊಡೆದಂತೆ ನಿಂತದ್ದು. ಯಾರದೆಂದು ಅವಳಿಗೆ ಗುರುತು ಹತ್ತಲಿಲ್ಲ. ಈ ದನಿ ಹಾಡುವುದನ್ನು ಕೇಳಿದ ನೆನಪೇ ಅವಳಿಗಿರಲಿಲ್ಲ.

ಅಡುಗೆಯಮ್ಮ ಸಾಲಿನ ನಡುವೆ ಉಸಿರೆಳೆಯುತ್ತ ಅವಳ ಕಿವಿಯ ಹತ್ತಿರ ಬಾಗಿದಳು. "ನಿಮ್ಮಪ್ಪ ಹಾಡ್ತಿದ್ದಾರೆ ಕಣೆ. ನನ್ನ ಮದುವೇಲಿ ಹಾಡಿದ್ರು, ನಲವತ್ತಮೂರು ವರ್ಷ ಆಯ್ತು. ಅದಾದ್ಮೇಲೆ ಇವತ್ತೇ ಕೇಳ್ತಿರೋದು. ಯಾಕೋ ಬಿಟ್ಟುಬಿಟ್ಟಿದ್ರು."

ಯಾಕೆಂದು ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ಅವಳಿಗೆ ಗೊತ್ತಾಯಿತು. ಬೀದಿಯ ಕಿವಿಗೆಲ್ಲ ಇಳಿದ ಶ್ರುತಿ ಒಗ್ಗಿಹೋಗಿತ್ತು, ಅಪ್ಪನ ಕಿವಿಗೆ ಒಗ್ಗಿರಲಿಲ್ಲ. ತಪ್ಪಿಗೆ ದನಿ ಕೂಡಿಸಲಾರ, ಮಗಳಿಗೆ ತಪ್ಪೆಂದು ಹೇಳಲಾರ. ಅದಕ್ಕೇ ಹಾಡುವುದನ್ನೇ ಬಿಟ್ಟಿದ್ದ. ಮುಂದಿನ ಸಾಲಿನಲ್ಲಿ ಅವನು ಕಣ್ಣು ಮುಚ್ಚಿ, ಕೋಲಿನ ಮೇಲೆ ಎರಡೂ ಕೈ ಊರಿ, ಕತ್ತಿನ ನರ ಉಬ್ಬಿಸಿಕೊಂಡು ಹಾಡುತ್ತಿದ್ದ.

ಕಿವಿಯಕ್ಕನ ಕಣ್ಣಿಂದ ನೀರು ಮಣೆಗಳ ಮೇಲೆ ಬೀಳುತ್ತಿತ್ತು. ಹಾಡು ಮುಗಿಯುವ ಹೊತ್ತಾಗಿತ್ತು. ಡ್ರೈವರ್ ಮುಕ್ತಾಯಕ್ಕೆ ತಿದಿ ಮಡಚಲು ಹೊರಟಿದ್ದ. ಅವಳು ಬೇಡವೆಂದು ಜೋರಾಗಿ ತಲೆಯಾಡಿಸಿದಳು, ಕಾಲಿನಿಂದ ಇನ್ನೂ ಬಲವಾಗಿ ತುಳಿದಳು, ಪಲ್ಲವಿಯನ್ನು ಮತ್ತೆ ಹಿಡಿಯಿರಿ ಎಂದು ವೆಲ್ಡರನಿಗೆ ಕಣ್ಣಲ್ಲೇ ಹೇಳಿದಳು.